ಕಣ್ಣಿನ ಡಾಕ್ಟರಿಗೆ ಹಳೆಯ ಚೀಟಿಯೂ ಕಾಣುತ್ತಾ?

ಪ್ರಶ್ನೆ: ನಮ್ಮತ್ತೆಗೆ 68 ವರ್ಷ, ಸಕ್ಕರೆ ಕಾಯಿಲೆ. ಕಣ್ಣು ತೋರಿಸಲು ಹೋದಾಗ ಕೌಂಟರಿನ ಹುಡುಗ ‘ಆಭಾ ನಂಬರ್ ಮಾಡ್ಕೊಡ್ತೀನಿ’ ಅಂತ ಆಧಾರ್ ಓಟಿಪಿ ಕೇಳಿದ. ಹೇಳಿಬಿಟ್ಟೆ. ಅತ್ತೆ ಹಿಂದೊಮ್ಮೆ ಮಾನಸಿಕ ವೈದ್ಯರ ಬಳಿ ಹೋಗಿದ್ದರು. ಅದು ನೆಂಟರಿಗೆ ಗೊತ್ತಿಲ್ಲ. ಇನ್ನು ಆ ಚೀಟಿಯೂ ಎಲ್ಲರಿಗೂ ಕಾಣುತ್ತಾ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಇಲ್ಲಮ್ಮ, ಹೆದರಬೇಡಿ. ಆಭಾ ಅನ್ನೋದು ಒಬ್ಬರ ಆರೋಗ್ಯದ ದಾಖಲೆಗಳನ್ನು ಜೋಡಿಸಲು ಕೊಡುವ 14 ಅಂಕಿಯ ಒಂದು ನಂಬರು, ಅಷ್ಟೇ. (5 ಲಕ್ಷದ ಚಿಕಿತ್ಸೆಯ ಕಾರ್ಡ್ ಬೇರೆ, ಇದು ಬೇರೆ. ಜಾಸ್ತಿ ಜನ ಇಲ್ಲೇ ಎಡವುತ್ತಾರೆ.) 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ, ಈ ನಂಬರು ಕೊಡುವ ಕೇಂದ್ರ ಸರ್ಕಾರದ ಯೋಜನೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ರಿಪೋರ್ಟುಗಳನ್ನೆಲ್ಲ ತಂದು ದೆಹಲಿಯ ಗೋದಾಮಿಗೆ ತುಂಬುವುದಿಲ್ಲ. ಲ್ಯಾಬಿನದು ಲ್ಯಾಬಿನಲ್ಲೇ, ಆಸ್ಪತ್ರೆಯದು ಆಸ್ಪತ್ರೆಯಲ್ಲೇ. ಬೇರೆ ಡಾಕ್ಟರು ನೋಡಬೇಕಾದರೆ ಅತ್ತೆಯ ಫೋನಿನಲ್ಲಿರುವ ಆಭಾ ಆಪ್‌ಗೆ ಕೋರಿಕೆ ಬರುತ್ತದೆ. ಯಾರು, ಯಾತಕ್ಕೆ, ಯಾವ ದಾಖಲೆ, ಎಂದಿನಿಂದ ಎಂದಿನವರೆಗಿನದು, ಎಷ್ಟು ದಿನ ನೋಡಬಹುದು, ಎಲ್ಲ ಅದರಲ್ಲಿರುತ್ತದೆ. ಅವರು ಒಪ್ಪಬಹುದು, ಬೇಡ ಅನ್ನಬಹುದು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು. ಆ ಹಳೆಯ ಚೀಟಿ ಕಾಗದದ್ದಲ್ವಾ? ಯಾರೂ ಅದನ್ನು ಕಂಪ್ಯೂಟರಿಗೆ ಏರಿಸಿ ಈ ನಂಬರಿಗೆ ಜೋಡಿಸಿಲ್ಲವೆಂದರೆ ಅದು ಇದರೊಳಗೆ ಬರುವುದೇ ಇಲ್ಲ.

ನಾನು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ 27 ವರ್ಷ ಕೂತವನು. ಕಾಗದದ ಕಾಲದಲ್ಲಿ ಗುಟ್ಟು ಭದ್ರವಾಗಿತ್ತು ಅಂದುಕೊಳ್ಳಬೇಡಿ. ಒಬ್ಬರು ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದು, ‘ನಮ್ಮನೆಗೆ ಸೊಸೆಯಾಗಿ ಬರೋ ಹುಡುಗಿ, ಫೈಲು ಒಂದ್ಸಲ ನೋಡ್ಬಿಡ್ತೀನಿ’ ಅಂದರು. ಡಬ್ಬಿ ಸಮೇತ ಕಳಿಸಿದೆ. ಆದರೆ ದಿನಾ ಟೀ ಕುಡಿಯಲು ಬರುತ್ತಿದ್ದ ವಿಮೆ ಏಜೆಂಟ್ ಒಬ್ಬನಿಗೆ ಒಂದೆರಡು ಕೇಸ್ ಶೀಟ್ ನಾನೇ ತೆಗೆದು ತೋರಿಸಿದ್ದೇನೆ. ರೋಗಿಯನ್ನು ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಯಾವ ರಿಜಿಸ್ಟರಿನಲ್ಲೂ ಅದರ ಗುರುತಿಲ್ಲ.

ನನಗೆ ಚಿಂತೆ ಇರುವುದು ಆ ಓಟಿಪಿಯದ್ದು. ಸಾಲಿನಲ್ಲಿ ನಿಂತು ಸುಮ್ನೆ ಆರು ಅಂಕಿ ಹೇಳಿದರೆ ಅದನ್ನು ಒಪ್ಪಿಗೆ ಅನ್ನೋದು ಹೇಗೆ? ಆಭಾ ಕಡ್ಡಾಯವಲ್ಲ. ಅದಿಲ್ಲ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು 2020ರ ಆರೋಗ್ಯ ದತ್ತಾಂಶ ನೀತಿಯೇ ಹೇಳುತ್ತದೆ. ಬೇಡವಾದರೆ ಆಪ್‌ನಲ್ಲೇ ಅಳಿಸಬಹುದು. ಆಸ್ಪತ್ರೆಯ ಸ್ವಂತ ಫೈಲು ಮಾತ್ರ ಅಲ್ಲೇ ಉಳಿಯುತ್ತದೆ.

ಕಾನೂನಿನ ಬಲವೂ ಇದೆ, ನಿಧಾನವಾಗಿ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಚೆಂದದ ಉದಾಹರಣೆ ಕೊಟ್ಟಿದ್ದಾರೆ. ಫೋನಿನಲ್ಲೇ ಡಾಕ್ಟರ ಸಲಹೆ ಕೊಡಿಸುವ ಆಪ್ ಒಂದು ನಿಮ್ಮ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳಿ, ನೀವು ‘ಸರಿ’ ಒತ್ತಿದಿರಿ ಅನ್ನಿ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಅದಕ್ಕೆ ಒಪ್ಪಿಗೆ ಕೊಟ್ಟಂತೆ ಆಗುವುದೇ ಇಲ್ಲ! ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಆರೋಗ್ಯದ ದಾಖಲೆಗಳಿಗೆಂದೇ 2018ರಲ್ಲಿ ಒಂದು ಕರಡು ಕಾನೂನು ಬಂದಿತ್ತು. ಅದು ಕರಡಾಗಿಯೇ ಉಳಿಯಿತು, ನನಗೆ ಅದೇ ಬೇಜಾರು.

ಈ ಭಾನುವಾರ ಅತ್ತೆಯ ಜೊತೆ ಕೂತು ಆಪ್ ತೆರೆಯಿರಿ. ಮೊದಲು ನೋಡಬೇಕಾದ್ದು ಅಲ್ಲಿರುವ ಮೊಬೈಲ್ ನಂಬರ್ ಅವರದೇನಾ ಅಂತ. ಆಮೇಲೆ ಯಾರಿಗೆಲ್ಲ ಒಪ್ಪಿಗೆ ಹೋಗಿದೆ ಅನ್ನೋದು. ಫೋನು ಅವರ ಕೈಯಲ್ಲೇ ಇರಲಿ, ಕನ್ನಡಕ ಹಾಕಿಕೊಂಡು ಅವರೇ ಓದಲಿ.