ಹದಿನೆಂಟು ವರ್ಷದ ಅನುಭವ, ಕೈಕೆಳಗೆ ಹನ್ನೆರಡು ಜನ ಇದ್ದೂ ಕಿರಿಯರ ಹತ್ತಿರ ಕಲಿಯಬೇಕಾ? ಅದಕ್ಕಿಂತ ಲೀಡರ್‌ಶಿಪ್ ಕೋರ್ಸ್ ಸೇರಲಾ? ಕಿರಿಯರನ್ನು ಕೇಳಿದರೆ ಗೌರವ ಹೋಗಲ್ವಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಇದೇ ಮಾತನ್ನು ನಾನೂ ಆಡುತ್ತಿದ್ದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಪರ್ಸೀನ್ ಬಲೆಯ ಮೀನುಗಾರಿಕೆ ಬೋಟಿಗೆ ತಾಂಡೇಲ, ಅಂದರೆ ಮುಖ್ಯಸ್ಥನಾಗಿದ್ದೆ. ಕೈಕೆಳಗೆ 27 ಖಲಾಸಿಗಳು, ಬೋಟಿನ ಕೆಲಸದವರು. ನಾನು ಹೂಂ ಅಂದರೆ ಬಲೆ ನೀರಿಗೆ.

ಬೋಟಿನಲ್ಲಿ ಜಿಪಿಎಸ್ ಇತ್ತು. ನನಗೆ ಅದನ್ನು ನೋಡಲು ಬರುತ್ತಿರಲಿಲ್ಲ. ಬರಲ್ಲ ಅಂತ ಗೊತ್ತಾಗಬಾರದಲ್ಲ, ಹಾಗಾಗಿ ಒದ್ದೆ ಟವೆಲನ್ನು ಅದರ ಸ್ಕ್ರೀನ್ ಮೇಲೆಯೇ ಒಣಹಾಕುತ್ತಿದ್ದೆ! ನನ್ನದು ಅಪ್ಪ ಕಲಿಸಿದ ಲೆಕ್ಕ: ಕಾರವಾರದ ಎದುರಿನ ದೇವಗಡ ದ್ವೀಪದ ಲೈಟ್‌ಹೌಸು, ಹಿಂದಿನ ಗುಡ್ಡದ ತುದಿ ಒಂದೇ ಗೆರೆಗೆ ಬಂದರೆ ಕೆಳಗೆ ಕಲ್ಲು, ದಾಟಿದರೆ ಕೆಸರು.

ಒಂದು ಡಿಸೆಂಬರ್ ಬೆಳಗ್ಗೆ ಮಂಜು ಕವಿದು ಗುಡ್ಡವೇ ಕಾಣಲಿಲ್ಲ. ಬೋಟಿನ ಪಕ್ಕದಲ್ಲೇ ಮಳೆಹನಿ ಬಿದ್ದ ಹಾಗೆ ನೀರು ಕುಣಿಯುತ್ತಿತ್ತು. ಬಂಗುಡೆ ಹಿಂಡು. ಬಿಡಿ ಬಲೆ ಅಂದೆ. ಹುಡುಗನೊಬ್ಬ ಟವೆಲ್ ಸರಿಸಿ, "ಅಣ್ಣಾ, ಇಲ್ಲಿ ಕಲ್ಲಿನ ಗುರುತು ಇದೆ" ಅಂದ. "ನಿನ್ನೆ ಮೊನ್ನೆ ಬಂದವನು ನನಗೆ ಸಮುದ್ರ ತೋರಿಸ್ತೀಯಾ?" ಅಂತ ಗದರಿದೆ.

ಪರ್ಸೀನ್ ಬಲೆಯ ಕೆಳ ಅಂಚಿನಲ್ಲಿ ಸೀಸದ ಗುಂಡು, ಬಳೆಗಳು ಇರುತ್ತವೆ. ಹಿಂಡಿನ ಸುತ್ತ ಬಲೆ ಬಿಟ್ಟು ಬಳೆಯೊಳಗಿನ ಹಗ್ಗ ಎಳೆದರೆ ಸಂಚಿಯ ಬಾಯಿ ಕಟ್ಟಿದ ಹಾಗೆ ತಳ ಮುಚ್ಚುತ್ತದೆ. ಅಲ್ಲಿ ನೀರು ಹನ್ನೆರಡೇ ಮಾರು. ಬಲೆ ಅದಕ್ಕಿಂತ ಆಳ. ತಳ ಮುಚ್ಚುವ ಮೊದಲೇ ಕಲ್ಲಿಗೆ ಸಿಕ್ಕಿತು. ವಿಂಚ್ ಎಳೆದಷ್ಟೂ ಪರ್ರ್ ಅಂತ ಹರಿಯಿತು. ಹನ್ನೊಂದು ದಿನ ದಡದಲ್ಲಿ ಕೂತು ಹೆಣೆದೆವು. ನಮಗೆ ಸಂಬಳ ಇಲ್ಲ, ಪಾಲು. ಮೀನಿಲ್ಲ ಅಂದರೆ 27 ಮನೆಗೂ ಪಾಲಿಲ್ಲ.

ಜಿಪಿಎಸ್ ಬಾರದಿದ್ದದ್ದು ನನ್ನ ತಪ್ಪಲ್ಲ. ಮಂಜಿನದ್ದೂ ಅಲ್ಲ. ತಪ್ಪು ಆ ಟವೆಲ್. ಎರಡು ವರ್ಷದಿಂದ ಹುಡುಗ ಬಲೆ ಸಿಕ್ಕಿಬಿದ್ದ ಪ್ರತಿ ಕಲ್ಲನ್ನೂ ಅದರಲ್ಲಿ ಗುರುತು ಹಾಕಿಡುತ್ತಿದ್ದನಂತೆ. ನಾನಿಲ್ಲದಾಗ ಟವೆಲ್ ತೆಗೆದು, ಕೆಲಸ ಮುಗಿಸಿ, ಮತ್ತೆ ಹಾಗೇ ಹಾಕುತ್ತಿದ್ದ. ನನಗೆ ಮುಜುಗರ ಆಗಬಾರದು ಅಂತ! ಒಂದೇ ಒಂದು ದಿನ "ಏನೋ ಅದು, ತೋರಿಸು" ಅಂದಿದ್ದರೆ ಸಾಕಿತ್ತು. ಟವೆಲ್ ಯಾಕೆ ಅಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲ ಅಂದುಕೊಂಡಿದ್ದವನು ನಾನೊಬ್ಬನೇ.

ಇನ್ನು ಗೌರವ ಯಾವುದು ಸ್ವಾಮಿ? ಹರಿದ ಬಲೆ ತಂದು ಬಂದರಿನಲ್ಲಿ ಇಳಿಸಿದ ದಿನ ಎಲ್ಲಿತ್ತು ಅದು?

ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ನಮಗೆ ಮೀನುಗಾರಿಕೆ ನಿಷೇಧ. ಆ ಸಲ ಹುಡುಗನ ಪಕ್ಕ ಕೂತು ಕಲಿತೆ. ಹೈದರಾಬಾದಿನ ಇನ್‌ಕಾಯ್ಸ್‌ ಅನ್ನೋ ಸರಕಾರಿ ಸಮುದ್ರ ಮಾಹಿತಿ ಕೇಂದ್ರದವರು ಸ್ಯಾಟಲೈಟಿನಿಂದ ನೀರಿನ ಬಿಸಿ, ಹಸಿರು ಪಾಚಿ ನೋಡಿ ಮೀನು ಎಲ್ಲಿ ಸೇರಬಹುದು ಅಂತ ಕಳಿಸುತ್ತಾರೆ. ಅದನ್ನು ಓದೋದನ್ನೂ ಅವನೇ ಹೇಳಿಕೊಟ್ಟ. ನಾನು ಗುಡ್ಡದ ಗುರುತು ಹೇಳಿಕೊಟ್ಟೆ. ಬ್ಯಾಟರಿ ಕೈಕೊಟ್ಟ ದಿನ ಅದೇ ಗತಿ, ಅಲ್ವಾ?

ಲೀಡರ್‌ಶಿಪ್ ಕೋರ್ಸಿಗೆ ಸುಮ್ನೆ ದುಡ್ಡು ಸುರಿಯಬೇಡಿ. ನಿಮ್ಮ ಕೈಕೆಳಗಿನ ಹನ್ನೆರಡು ಜನರಲ್ಲಿ ನೀವು ಗದರಿ ಬಾಯಿ ಮುಚ್ಚಿಸಿದವನು ಒಬ್ಬ ಇದ್ದೇ ಇರುತ್ತಾನೆ. ನಾಳೆ ಚಹಾ ಹೊತ್ತಿಗೆ ಅವನ ಪಕ್ಕ ಕೂತು "ಇದು ನನಗೆ ಬರಲ್ಲ, ತೋರಿಸು" ಅನ್ನಿ. ಉಳಿದವರಿಗೂ ಕೇಳುವ ಹಾಗೆ.