ಹನ್ನೊಂದು ಸಾವಿರದ ಅಪ್ರೆಂಟಿಸಾ, ಹದಿನಾರು ಸಾವಿರದ ಕೆಲಸವಾ?

ಪುಣೆ ಪಕ್ಕದ ಪಿಂಪ್ರಿಯ ಕಾರ್ಖಾನೆಯೊಂದರ ಟ್ರೇನಿಂಗ್ ಶಾಪ್‌ನಲ್ಲಿ ಹುಡುಗರಿಗೆ ಕೆಲಸ ಕಲಿಸಿ ನಿವೃತ್ತರಾದವರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ನಾವು ವಿಜಯಪುರದ ಕಡೆಯವರು, ಭೋಸರಿಯಲ್ಲಿದ್ದೇವೆ. ನನ್ನದು ಗೌಂಡಿ ಕೆಲಸ. ಮಗ ಐಟಿಐನಲ್ಲಿ ಫಿಟ್ಟರ್ (ಯಂತ್ರದ ಭಾಗ ಜೋಡಿಸುವ ಕೆಲಸ) ಪಾಸಾಗಿದ್ದಾನೆ. ಚಾಕಣದ ಕಂಪನಿಯೊಂದು ಒಂದು ವರ್ಷದ ಅಪ್ರೆಂಟಿಸ್‌ಗೆ, ಅಂದರೆ ಕೆಲಸ ಕಲಿಯಲು, ಕರೆದಿದೆ, ತಿಂಗಳಿಗೆ 11,000 ರೂಪಾಯಿ. ನಮ್ಮೂರಿನ ಕಾಂಟ್ರಾಕ್ಟರ್ ಒಬ್ಬರು ‘ನಾಳೆಯಿಂದಲೇ ಕಳಿಸು, 16,000 ಕೊಡಿಸ್ತೀನಿ’ ಅಂತಾರೆ. ಮಗಳ ಮದುವೆಯ ಸಾಲ ಇನ್ನೂ ತೀರಿಲ್ಲ. ಏನು ಮಾಡಲಿ?

ಉತ್ತರ: ವರ್ಷಕ್ಕೆ 60,000 ರೂಪಾಯಿಯ ವ್ಯತ್ಯಾಸ. ಸಾಲ ಇರುವ ಮನೆಗೆ ಅದು ಸಣ್ಣ ಮೊತ್ತವಲ್ಲ. ‘ದುಡ್ಡು ನೋಡಬೇಡಿ, ಭವಿಷ್ಯ ನೋಡಿ’ ಅಂತ ನಾನು ಉಪದೇಶ ಮಾಡುವುದಿಲ್ಲ.

ಆದರೆ ಆ ಕಾಂಟ್ರಾಕ್ಟರ್‌ಗೆ ಒಂದೇ ಪ್ರಶ್ನೆ ಕೇಳಿ: ಹುಡುಗ ಅಲ್ಲಿ ಏನು ಕೆಲಸ ಮಾಡಬೇಕು? ‘ಲೈನ್ ಮೇಲೆ’ ಅಂದರೆ ಹೆಚ್ಚಾಗಿ ಮಷಿನ್‌ಗೆ ಪಾರ್ಟ್ ಇಡೋದು, ಬಟನ್ ಒತ್ತೋದು, ತೆಗೆದು ಟ್ರೇಗೆ ಹಾಕೋದು. ವರ್ಷ ಕಳೆದರೂ ಅವನಿಗೆ ಗೊತ್ತಿರೋದು ಆ ಬಟನ್ ಮಾತ್ರ. ಫಿಟ್ಟರ್ ಹುಡುಗ ಅಳತೆಯ ಮೈಕ್ರೋಮೀಟರ್ ಮುಟ್ಟದೆ ವರ್ಷ ಕಳೆದರೆ ಐಟಿಐಯಲ್ಲಿ ಕಲಿತದ್ದೂ ಮರೆತುಹೋಗುತ್ತದೆ. ಇದನ್ನು ನಾನು ಎಷ್ಟೋ ಹುಡುಗರಲ್ಲಿ ನೋಡಿದ್ದೇನೆ.

ಅದೇ ಪ್ರಶ್ನೆಯನ್ನು ಚಾಕಣದ ಕಂಪನಿಗೂ ಕೇಳಿ. ಯಾವ ಶಾಪ್‌ಗೆ ಹಾಕುತ್ತಾರೆ? ಟೂಲ್‌ರೂಮ್ (ಅಚ್ಚು, ಉಪಕರಣ ತಯಾರಿಸುವ ಜಾಗ) ಅಥವಾ ಮೇಂಟೆನೆನ್ಸ್ ಅಂದರೆ ಕಣ್ಣುಮುಚ್ಚಿ ಸೇರಿಸಿ. ಕೆಟ್ಟು ನಿಂತ ಮಷಿನ್ ಬಿಚ್ಚುವಾಗ ಪಕ್ಕದಲ್ಲಿ ನಿಂತು ಸ್ಪಾನರ್ ಕೊಡುತ್ತಾ ಕಲಿಯೋದನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡಲು ಆಗುವುದಿಲ್ಲ. ಬೇರಿಂಗ್ ಹೋಗಿದೆಯೋ, ಅಲೈನ್‌ಮೆಂಟ್ ತಪ್ಪಿದೆಯೋ ಅಂತ ಹಳೆಯ ಫಿಟ್ಟರ್ ಶಬ್ದ ಕೇಳಿಯೇ ಹೇಳುತ್ತಾನೆ. ಅಂಥವನ ಹಿಂದೆ ಒಂದು ವರ್ಷ ಓಡಾಡಿದರೆ ಸಾಕು. ಆದರೆ ಅಪ್ರೆಂಟಿಸ್ ಅಂತ ಕರೆದು ಪ್ಯಾಕಿಂಗ್‌ಗೆ ನಿಲ್ಲಿಸುವವರೂ ಇದ್ದಾರೆ. ಅಂಥ ಕಡೆಯಾದರೆ ಕಾಂಟ್ರಾಕ್ಟರ್‌ನ 16,000 ರೂಪಾಯಿಯೇ ವಾಸಿ.

ಇನ್ನು ಕಾಗದದ ವಿಷಯ. ಮಗ 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಸೇರಬೇಕು, ಸುಮ್ನೆ ‘ಟ್ರೇನಿ’ ಆಗಿ ಅಲ್ಲ. ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಅವನ ಹೆಸರಿನ ಒಪ್ಪಂದ ನೋಂದಣಿಯಾಗಿರಬೇಕು. ಆಗ ಮಾತ್ರ ಕೊನೆಗೆ ಪರೀಕ್ಷೆ ಬರೆದು ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಪಡೆಯಬಹುದು. ಪಿಎಫ್ ಕಟ್ಟುವುದಿಲ್ಲ, ಅದು ಕಾಯ್ದೆಯಲ್ಲೇ ಹಾಗಿದೆ, ಮೋಸ ಅಂದುಕೊಳ್ಳಬೇಡಿ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಕಂಪನಿಯದು. ಸರ್ಕಾರದ ಅಪ್ರೆಂಟಿಸ್‌ಶಿಪ್ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಮಾತ್ರ ಇಲ್ಲ. ಯಾರಾದರೂ ‘ಪರ್ಮನೆಂಟ್ ಗ್ಯಾರಂಟಿ’ ಅಂದರೆ ನಂಬಬೇಡಿ, ಅದಕ್ಕೆ ದುಡ್ಡು ಕೇಳಿದರಂತೂ ಎದ್ದು ಬನ್ನಿ.

ಸಾಲದ ಕಂತು ನಿಮ್ಮ ಪಗಾರದಲ್ಲಿ ಹೇಗೋ ಸಾಗುತ್ತದೆ ಅನ್ನುವುದಾದರೆ ಚಾಕಣಕ್ಕೆ ಕಳಿಸಿ. ಸಾಗುವುದೇ ಇಲ್ಲ ಅಂದರೆ ಕೆಲಸಕ್ಕೆ ಸೇರಿಸಿ, ಅದರಲ್ಲಿ ತಪ್ಪೇನಿಲ್ಲ. ಆದರೆ ತುಂಬಾ ದಿನ ಬಿಡಬೇಡಿ. ಕಂಪನಿಗಳು ಈಗತಾನೇ ಪಾಸಾದವರನ್ನೇ ಮೊದಲು ಕರೆಯುತ್ತವೆ.

ಪ್ರಶ್ನೆ: ನನ್ನದು ಭೋಸರಿ ಎಂಐಡಿಸಿಯಲ್ಲಿ (ಸರ್ಕಾರಿ ಕೈಗಾರಿಕಾ ಪ್ರದೇಶ) ಸಣ್ಣ ಫ್ಯಾಬ್ರಿಕೇಷನ್ ಮತ್ತು ಮಷಿನಿಂಗ್ ವರ್ಕ್‌ಶಾಪ್. ಒಟ್ಟು 14 ಜನ ಇದ್ದೇವೆ. ಅಪ್ರೆಂಟಿಸ್ ಇಟ್ಟುಕೊಂಡರೆ ನಾವು ಕಲಿಸೋದು, ಆಮೇಲೆ ದೊಡ್ಡ ಕಂಪನಿಗೆ ಹಾರೋದು. ನಮಗೇನು ಲಾಭ?

ಉತ್ತರ: ಹಾರುತ್ತಾರೆ ನಿಜ. ನೀವು ಕಲಿಸದಿದ್ದರೂ ಹಾರುತ್ತಾರೆ ಅಲ್ವಾ? ನಿಮ್ಮ ಈಗಿನ ವೆಲ್ಡರ್ ಎಲ್ಲಿ ಕಲಿತು ಬಂದ? ಯಾರೋ ಕಲಿಸಿದ್ದಕ್ಕೇ ನಿಮಗೆ ಸಿಕ್ಕ.

ಈಗ ಲೆಕ್ಕ. 30 ಜನಕ್ಕಿಂತ ಕಡಿಮೆ ಇರುವ ನಿಮಗೆ ಕಡ್ಡಾಯವಿಲ್ಲ, ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಒಟ್ಟು ಜನರ ಶೇ 15ರವರೆಗೆ ಅವಕಾಶ, ಅಂದರೆ ನಿಮಗೆ ಇಬ್ಬರು. 2016ರಲ್ಲಿ ಶುರುವಾದ ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ (ಅಪ್ರೆಂಟಿಸ್‌ಗೆ ಕೊಡುವ ತಿಂಗಳ ಭತ್ಯೆ) ಶೇ 25, ತಿಂಗಳಿಗೆ ಗರಿಷ್ಠ 1,500 ರೂಪಾಯಿ, ಸರ್ಕಾರ ಕೊಡುತ್ತದೆ. ಈಗ ಅದು ಹುಡುಗನ ಖಾತೆಗೇ ನೇರ ಹೋಗುತ್ತದೆ. ಉಳಿದದ್ದು ನಿಮ್ಮ ಕೈಯಿಂದ.

ನಿಜವಾದ ಲಾಭ ಬೇರೆ ಇದೆ. ಹೊರಗಿನಿಂದ ಅನುಭವಸ್ಥನನ್ನು ತಂದರೆ ಅವನು ತನ್ನ ಚಾಳಿಗಳನ್ನೂ ಹೊತ್ತು ತರುತ್ತಾನೆ. ಹೊಸ ಹುಡುಗ ಪಾರ್ಟ್ ಹಿಡಿದಿಡುವ ನಿಮ್ಮ ಫಿಕ್ಸ್ಚರ್, ನಿಮ್ಮ ಗಿರಾಕಿಯ ಡ್ರಾಯಿಂಗ್, ನಿಮ್ಮ ಹಳೆಯ ಲೇತ್‌ನ ಮುನಿಸು, ಎಲ್ಲ ಅಲ್ಲೇ ಕಲಿಯುತ್ತಾನೆ. ಯಾರು ಗಮನ ಇಟ್ಟು ಕೆಲಸ ಮಾಡುತ್ತಾರೆ ಅಂತ ವರ್ಷವಿಡೀ ನೋಡಬಹುದು, ಅರ್ಧ ಗಂಟೆಯ ಇಂಟರ್‌ವ್ಯೂನಲ್ಲಿ ಅದು ಎಲ್ಲಿ ತಿಳಿಯುತ್ತದೆ? ಉಳಿಸಿಕೊಳ್ಳಬೇಕು ಅನ್ನಿಸಿದವನಿಗೆ ಹತ್ತನೇ ತಿಂಗಳಲ್ಲೇ ಪಗಾರ ಎಷ್ಟು ಅಂತ ಹೇಳಿಬಿಡಿ. ಕೊನೆಯ ದಿನ ಕೇಕ್ ಕತ್ತರಿಸಿ ‘ಇರಪ್ಪ’ ಅಂದರೆ ಯಾರೂ ಇರುವುದಿಲ್ಲ.

ಒಂದು ಮಾತು ಮಾತ್ರ: ಕಲಿಸಲು ತಾಳ್ಮೆ ಇರುವ ಒಬ್ಬ ಹಿರಿಯ ನಿಮ್ಮಲ್ಲಿ ಇಲ್ಲದಿದ್ದರೆ ಈ ಸಾಹಸ ಬೇಡ.

ಪ್ರಶ್ನೆ: ನಾನು ದಾಪೋಡಿಯ ಹುಡುಗಿ, ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದೇನೆ. ರೈಲ್ವೆ ಅಪ್ರೆಂಟಿಸ್‌ಗೆ ದೊಡ್ಡ ಪರೀಕ್ಷೆ ಇರುತ್ತದಾ ಸರ್?

ಉತ್ತರ: ಇಲ್ಲಮ್ಮ. ಸೆಂಟ್ರಲ್ ರೈಲ್ವೆ ಹತ್ತನೇ ಕ್ಲಾಸು ಮತ್ತು ಐಟಿಐ ಅಂಕಗಳ ಮೇಲೆ ಮೆರಿಟ್ ಪಟ್ಟಿ ಮಾಡುತ್ತದೆ. ಪುಣೆಯಲ್ಲೂ ಸೀಟುಗಳಿರುತ್ತವೆ. ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1 (ಅತಿ ಕೆಳಗಿನ ಹಂತ) ನೇಮಕದಲ್ಲಿ ಶೇ 20 ಜಾಗ ಮೀಸಲು, ಆದರೆ ಆಗ ಪರೀಕ್ಷೆ ಬರೆಯಲೇಬೇಕು. ವಯಸ್ಸಿನ ಮಿತಿ ಇರುವುದರಿಂದ ಅಧಿಸೂಚನೆ ಬಂದ ಕೂಡಲೇ ಅರ್ಜಿ ಹಾಕಿ. ಹತ್ತನೇ ಮಾರ್ಕ್ಸ್‌ಕಾರ್ಡ್, ಐಟಿಐ ಸರ್ಟಿಫಿಕೇಟ್, ಆಧಾರ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ನಮ್ಮ ಕಡೆಯವರ ಹೆಸರನ್ನು ಇಲ್ಲಿನ ಶಾಲೆಗಳಲ್ಲಿ ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ.