ಆಸೆಪಟ್ಟದ್ದು ಸಿಕ್ಕರೂ ಯಾಕೆ ಖುಷಿ ಆಗುವುದಿಲ್ಲ? ನಮ್ಮನ್ನು ನಾವೇ ಗಮನಿಸಿಕೊಂಡರೆ ತಿಳಿಯುತ್ತದಾ?

ಒಂದು ವರ್ಷ ಆಸೆಪಟ್ಟು ಕ್ಯಾಮೆರಾ ಕೊಂಡಿರಿ, ನಾಲ್ಕೇ ದಿನಕ್ಕೆ ಸಪ್ಪೆ ಅನ್ನಿಸಿತು, ನನ್ನಲ್ಲೇ ಏನಾದರೂ ಕೊರತೆ ಇದೆಯಾ ಎಂದು ಕೇಳಿದ್ದೀರಿ. ಕೊರತೆ ಏನೂ ಇಲ್ಲ. ನನಗೂ ಹೀಗೇ ಆಗುತ್ತಿತ್ತು. ಈಗಲೂ ಆಗುತ್ತದೆ, ಯಾಕೆ ಅನ್ನುವುದು ಸ್ವಲ್ಪ ಗೊತ್ತಾಗಿದೆ ಅಷ್ಟೇ.

ಸುಮಾರು ಎರಡು ತಿಂಗಳು ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಏನಾದರೂ ಬೇಕು ಅನ್ನಿಸಿದರೆ ಎಷ್ಟು ಬೇಕು ಎಂದು ಹತ್ತಕ್ಕೆ ಒಂದು ಅಂಕ. ಅದು ಮುಗಿದ ಮೇಲೆ, ನಿಜಕ್ಕೂ ಎಷ್ಟು ಹಿಡಿಸಿತು ಎಂದು ಇನ್ನೊಂದು ಅಂಕ. ಮೊದಲ ವಾರ ಪೂರ್ತಿ ಸುಳ್ಳೇ ಬರೆದೆ. ಅಷ್ಟೊಂದು ಬೇಕಿದ್ದದ್ದು ಹಿಡಿಸದೆ ಇರುತ್ತದಾ ಅಂತ ಎರಡಕ್ಕೂ ಒಂದೇ ಅಂಕ! ಆಮೇಲೆ ಆಮೇಲೆ ನಿಜ ಹೊರಬಿತ್ತು. ಮಲಗುವ ಮುಂಚೆ ಮೊಬೈಲ್ ನೋಡುವುದು: ಬೇಕು 8, ಹಿಡಿಸಿದ್ದು 3. ಸಂಜೆ ಸುಮ್ನೆ ನಡೆಯಲು ಹೋಗುವುದು: ಬೇಕು 2, ಹಿಡಿಸಿದ್ದು 7. ಇಷ್ಟು ವರ್ಷ ನಾನು ಮೊದಲ ಅಂಕವನ್ನೇ ಸುಖ ಅಂದುಕೊಂಡು ಬದುಕಿದ್ದೆ.

ಬೇಕು ಅನ್ನಿಸುವುದು, ಹಿಡಿಸುವುದು, ಮಿದುಳಿನಲ್ಲೂ ಇವೆರಡು ಬೇರೆಬೇರೆ. 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಗಳ ಮಿದುಳಿಗೆ ತಂತಿ ಸೇರಿಸಿದರು. ಇಲಿ ಒಂದು ಸನ್ನೆಕೋಲು ಒತ್ತಿದರೆ ಆ ತಂತಿಯಲ್ಲಿ ಸಣ್ಣ ವಿದ್ಯುತ್ ಹರಿಯುತ್ತಿತ್ತು. ಇಲಿಗಳು ಒತ್ತಿದ್ದೇ ಒತ್ತಿದ್ದು. ಸುಖದ ಜಾಗವೇ ಸಿಕ್ಕಿತು ಎಂದು ಆಗ ಅಂದುಕೊಂಡರು. ಆದರೆ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮುಂದೆ ಬೇರೆಯದನ್ನೇ ಕಂಡರು. ಮಿದುಳಿನ ಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚುಕಡಿಮೆ ಪೂರ್ತಿ ಇಲ್ಲವಾದ ಇಲಿಗಳು ಆಹಾರದ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಆದರೆ ಸಿಹಿಯನ್ನು ನಾಲಿಗೆಗೆ ಹಾಕಿದರೆ ಮೊದಲಿನಂತೆಯೇ ಬಾಯಿ ಚಪ್ಪರಿಸುತ್ತಿದ್ದವು. ಅಂದರೆ ಹೋಗಿದ್ದು ಬೇಕು ಅನ್ನುವ ಎಳೆತ. ರುಚಿ ಹಾಗೇ ಇತ್ತು. ಡೋಪಮೈನ್ ಎಂದರೆ ಖುಷಿಯ ರಾಸಾಯನಿಕ ಎಂದು ವಿಡಿಯೋಗಳಲ್ಲಿ ಹೇಳುವವರಿಗೆ ಯಾರಾದರೂ ಇದನ್ನು ತಿಳಿಸಬೇಕು.

ನಿಮ್ಮ ಕ್ಯಾಮೆರಾ ಸಪ್ಪೆಯಾದದ್ದಕ್ಕೂ ಇಲ್ಲಿ ಒಂದು ಸುಳಿವಿದೆ. ಕೋತಿಗಳ ಮೇಲೆ ಪ್ರಯೋಗ ಮಾಡಿದ ವೋಲ್ಫ್ರಾಮ್ ಶುಲ್ಟ್ಸ್ ಕಂಡದ್ದು ಇದು: ಹಣ್ಣಿನ ರಸ ಬರುತ್ತದೆ ಎಂದು ಕೋತಿಗೆ ಮೊದಲೇ ಗೊತ್ತಿದ್ದರೆ, ಡೋಪಮೈನ್ ಕೋಶಗಳು ಸೂಚನೆ ಸಿಕ್ಕಾಗಲೇ ಚುರುಕಾಗುತ್ತವೆ. ರಸ ಬಂದಾಗ ವಿಶೇಷವೇನೂ ಇಲ್ಲ. ನೀವು ವರ್ಷವಿಡೀ ಕ್ಯಾಮೆರಾದ ಚಿತ್ರ ನೋಡಿ ನೋಡಿ ಆ ಎಳೆತವನ್ನು ಅನುಭವಿಸಿಬಿಟ್ಟಿದ್ದೀರಿ. ಪೆಟ್ಟಿಗೆ ಒಡೆಯುವ ಹೊತ್ತಿಗೆ ಅದರ ಕೆಲಸ ಮುಗಿದಿತ್ತು.

ಇನ್ನು ಸಂತೋಷ ಎನ್ನುವುದರ ಬಗ್ಗೆ. ನನ್ನ ನೋಟ್‌ಬುಕ್ ಇಲ್ಲಿ ಸೋತಿತು. ಒಂದು ದಿನ ಹಳೆಯ ಸೈಕಲ್ ಬಿಚ್ಚಿ ಕೂತಿದ್ದೆ. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ, ಕೈಯೆಲ್ಲ ಗ್ರೀಸ್. ಚಕ್ರ ಸದ್ದಿಲ್ಲದೆ ತಿರುಗಿದಾಗ ಯಾರಿಗಾದರೂ ತೋರಿಸಬೇಕು ಅನ್ನಿಸಿತು. ನೋಟ್‌ಬುಕ್ ನೆನಪೇ ಆಗಲಿಲ್ಲ! ನಮ್ಮ ಮಾತಿನಲ್ಲಿ 'ಹಿಗ್ಗು' ಅನ್ನುವ ಪದ ಇದೆ ನೋಡಿ. ರಬ್ಬರ್ ಕೂಡ ಹಿಗ್ಗುತ್ತದೆ, ಮನಸ್ಸೂ ಹಿಗ್ಗುತ್ತದೆ. ಸುಮ್ನೆ ಹೋಲಿಕೆ ಅಂದುಕೊಂಡಿದ್ದೆ, ಮೈಯಲ್ಲೇ ತಿಳಿಯುತ್ತದೆ ಅಂತ ಆಗ ಗೊತ್ತಾಯಿತು. ಮೊಬೈಲ್‌ಗೆ ಕೈ ಹೋಗುವಾಗ ನನ್ನ ಹೆಗಲು ಮುಂದೆ ಬಾಗಿರುತ್ತದೆ, ಉಸಿರು ಮೇಲೆಯೇ ಆಡುತ್ತದೆ. ಆವತ್ತು ಎದೆಯೆಲ್ಲ ಸಡಿಲವಾಗಿತ್ತು.

ಹಾಗಂತ ಖುಷಿಯಾಗಿರುವಾಗ "ಈಗ ಖುಷಿಯಾಗಿದ್ದೀನಾ?" ಎಂದು ಇಣುಕಿ ನೋಡಬೇಡಿ. ನಾನು ಆ ತಪ್ಪು ಮಾಡಿದ್ದೇನೆ, ಸ್ನೇಹಿತರ ನಡುವೆ ನಗುತ್ತಿದ್ದಾಗಲೇ ನಗು ಅಂಟಂಟಾಯಿತು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ, ಸಂಗೀತ ಕೇಳುವಾಗ ಆದಷ್ಟು ಖುಷಿಯಾಗಿರಲು ಪ್ರಯತ್ನಿಸಿ ಎಂದು ಹೇಳಿಸಿಕೊಂಡವರ ಖುಷಿ, ಸುಮ್ನೆ ಕೇಳಿದವರಿಗಿಂತ ಕಡಿಮೆಯೇ ಆಯಿತು. ಬೇಕು ಅನ್ನಿಸುವಾಗ ಗಮನಿಸಿ, ಮುಗಿದ ಮೇಲೆ ಗಮನಿಸಿ. ನಡುವೆ ಬಿಟ್ಟುಬಿಡಿ.

ಇನ್ನೊಂದು ವಿಷಯ. ಯಾವುದೂ ಹಿಡಿಸುತ್ತಲೇ ಇಲ್ಲ, ವಾರಗಟ್ಟಲೆ ಹಾಗೇ ಇದೆ ಅನ್ನಿಸಿದರೆ ಅದು ಖಿನ್ನತೆಯ ಲಕ್ಷಣ ಇರಬಹುದು. ಅದಕ್ಕೆ ನೋಟ್‌ಬುಕ್ ಸಾಲದು, ವೈದ್ಯರನ್ನು ಕಾಣಿ.

ಕ್ಯಾಮೆರಾ ಮಾರಿಬಿಡಲಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಈಗಲೇ ಬೇಡ. ನಿಮ್ಮ ಪ್ರಶ್ನೆಯಲ್ಲಿ ಕೊಂಡದ್ದರ ಬಗ್ಗೆ ಜಾಸ್ತಿ ಇದೆ, ಫೋಟೋ ತೆಗೆದದ್ದರ ಬಗ್ಗೆ ಒಂದು ಸಾಲೂ ಇಲ್ಲ. ನಾಲ್ಕೈದು ಸಲ ಹೊರಗೆ ತೆಗೆದುಕೊಂಡು ಹೋಗಿ, ಮನೆಗೆ ಬಂದ ಮೇಲೆ ಎರಡನೇ ಅಂಕ ಹಾಕಿ. ಆಗಲೂ 3 ದಾಟದಿದ್ದರೆ ಮಾರಿ.